ಮೇಗುತಿಯ ಪ್ರಶಸ್ತಿಯೂ ಮಹಾಶಕ್ತಿಯ ಭದ್ರತೆಯೂ

ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಮಲಪ್ರಭೆಯನ್ನು ದಾಟಿದ ಯಾತ್ರಿಕನು ಕುಳಗೇರಿ ಕ್ರಾಸ್‌ನಲ್ಲಿ ಬಲಕ್ಕೆ ಹೊರಳಿದರೆ ಬಾದಾಮಿಯನ್ನು ಸೇರುತ್ತಾನೆ; ಅಲ್ಲಿಂದ ಮುಂದೆ ಪಟ್ಟದಕಲ್ಲು ಮತ್ತು ಐಹೊಳೆ. ಈ ಮಾರ್ಗವಾಗಿ ಬರುವ ಜೈನ ಕುಟುಂಬಗಳು ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಾಹುಬಲಿ ಮತ್ತು ಪಾರ್ಶ್ವನಾಥರ ದರ್ಶನ ಪಡೆದು, ಐಹೊಳೆಯ ಮೇಗುತಿ ಗುಡ್ಡವನ್ನೇರಿ, ರವಿಕೀರ್ತಿಯು ಕಟ್ಟಿಸಿದ ಜಿನಾಲಯಕ್ಕೆ ಪ್ರದಕ್ಷಿಣೆ ಹಾಕಿ ಹಿಂದಿರುಗುವುದು ವಾಡಿಕೆ. ಅದರ ಗೋಡೆಯಲ್ಲಿರುವ ಶಾಸನ ಪ್ರಸಿದ್ಧವೆಂಬುದನ್ನು ಎಲ್ಲರೂ ಬಲ್ಲರು. ಅದರಲ್ಲಿ ಏನಿದೆ ಎಂಬುದನ್ನು ಬಲ್ಲವರು ವಿರಳ. ಜಿನೇಂದ್ರನ ಜಯಕಾರದೊಡನೆ ಆರಂಭವಾಗುವ ಆ ಶಾಸನದ ಬಹುಭಾಗ ಯುದ್ಧವರ್ಣನೆಯೇ ಆಗಿದೆ.

ಶಕ ವರ್ಷ 556ರಲ್ಲಿ, ಅಂದರೆ ಕ್ರಿ. ಶ. 634–35ರಲ್ಲಿ ಹುಟ್ಟಿದ ಈ ಸಂಸ್ಕೃತ ಪ್ರಶಸ್ತಿಯು ಚಾಲುಕ್ಯ ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ಸಾಲಾಗಿ ಹೇಳುತ್ತದೆ. ಬನವಾಸಿ, ಗಂಗರು, ಆಳುಪರು, ಕೊಂಕಣದ ಮೌರ್ಯರು, ಲಾಟ, ಮಾಳವ, ಗುರ್ಜರ, ಕೋಸಲ, ಕಳಿಂಗ, ಕೊನೆಗೆ ಪಲ್ಲವರು ಅದರಲ್ಲಿ ಬರುತ್ತಾರೆ. ತನ್ನ ಕವಿತ್ವವನ್ನು ಕಾಳಿದಾಸ, ಭಾರವಿಯರ ಕೀರ್ತಿಗೆ ಸಮನೆಂದು ರವಿಕೀರ್ತಿಯು ಹೇಳಿಕೊಂಡದ್ದು ಬರಿಯ ಆತ್ಮಪ್ರಶಂಸೆಯಲ್ಲ. ಆತನ ಶಬ್ದಶಕ್ತಿ ಅಸಾಮಾನ್ಯವಾದುದು. ಆದರೆ ವಿಮರ್ಶಕನು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಆ ಶಕ್ತಿ ಎಲ್ಲಿ ವಿನಿಯೋಗವಾಯಿತು? ಉತ್ತರಾಪಥದ ಹರ್ಷನ ಸೋಲನ್ನು ಕವಿಯು ಅವನ ಹೆಸರಿನ ಮೇಲಿನ ಶ್ಲೇಷೆಯಾಗಿ ಮಾರ್ಪಡಿಸುತ್ತಾನೆ. ಓದುಗನ ಗಮನ ಆ ಚಮತ್ಕಾರದ ಮೇಲೆ ನಿಲ್ಲುತ್ತದೆ, ರಣದಲ್ಲಿ ಬಿದ್ದ ಆನೆಗಳ ಮೇಲಲ್ಲ. ಕುನಾಲ ಸರೋವರದ ನೀರು ಹತರಾದವರ ನೆತ್ತರಿನಿಂದ ಕೆಂಪಾದುದನ್ನು ಆತನು ಮರೆಮಾಚುವುದಿಲ್ಲ. ಅದನ್ನು ಸಂಜೆಗೆಂಪಿನ ಆಕಾಶಕ್ಕೆ ಹೋಲಿಸುತ್ತಾನೆ. ನೆತ್ತರು ಉಪಮೆಯಾದ ಕ್ಷಣದಿಂದ ಅದು ಯಾರದೆಂಬ ಪ್ರಶ್ನೆ ಉಳಿಯುವುದಿಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ಸಾರಿದ ಜಿನನ ಆಲಯದ ಭಿತ್ತಿಯೇ ಈ ರೂಪಾಂತರಕ್ಕೆ ಫಲಕವಾದುದು ಜೈನ ಓದುಗನನ್ನು ಕಾಡಬೇಕಾದ ಸಂಗತಿ.

ಪ್ರಶಸ್ತಿಯೆಂಬ ಕಾವ್ಯಪ್ರಕಾರ ಚಾಲುಕ್ಯರೊಡನೆ ಅಳಿಯಿತೆಂದು ತಿಳಿಯುವುದು ಸರಿಯಲ್ಲ. ಎರಡನೆಯ ಮಹಾಯುದ್ಧದ ಅನಂತರ ಜಗತ್ತಿನ ಅಗ್ರಶಕ್ತಿಯಾದ ಅಮೆರಿಕ ಸಂಯುಕ್ತ ಸಂಸ್ಥಾನದ ವಿದೇಶಾಂಗ ನೀತಿಯ ಭಾಷೆಯನ್ನು ಗಮನಿಸಿದರೆ, ಅದೇ ಪ್ರಕಾರದ ಗದ್ಯರೂಪ ಕಣ್ಣಿಗೆ ಬೀಳುತ್ತದೆ. ಹತ್ತು ಅಣುಸಿಡಿತಲೆಗಳನ್ನು ಹೊರಬಲ್ಲ ಕ್ಷಿಪಣಿಗೆ ರೇಗನ್ ಆಡಳಿತವು ‘ಶಾಂತಿಪಾಲಕ’ ಎಂಬ ಅರ್ಥದ ಹೆಸರಿಟ್ಟಿತು. 2001ರ ಅಫ್ಘಾನಿಸ್ತಾನದ ಕಾರ್ಯಾಚರಣೆಗೂ 2003ರ ಇರಾಕ್ ಆಕ್ರಮಣಕ್ಕೂ ಸ್ವಾತಂತ್ರ್ಯದ ಹೆಸರೇ ದೊರೆಯಿತು. ನಾಗರಿಕರ ಸಾವು ‘ಆನುಷಂಗಿಕ ಹಾನಿ’ ಎನಿಸಿತು. 2003ರ ಮಾರ್ಚ್‌ನಲ್ಲಿ ಬಾಗ್ದಾದಿನ ರಾತ್ರಿಯ ಆಕಾಶ ಬಾಂಬುಗಳಿಂದ ಕೆಂಪಾದುದನ್ನು ಜಗತ್ತಿನ ದೂರದರ್ಶನಗಳು ಒಂದು ದೃಶ್ಯವೈಭವದಂತೆ ಬಿತ್ತರಿಸಿದವು. ಕುನಾಲದ ಸಂಜೆಗೆಂಪಿಗೂ ಇದಕ್ಕೂ ನಡುವೆ ಹದಿಮೂರು ಶತಮಾನಗಳ ಅಂತರವಿದ್ದರೂ ನೋಟ ಒಂದೇ. ಸತ್ಯವ್ರತವೆಂದರೆ ಸುಳ್ಳಾಡದಿರುವುದು ಮಾತ್ರವಲ್ಲ, ಹಿಂಸೆಗೆ ಸೌಮ್ಯವಾದ ಹೆಸರಿಡದಿರುವುದೂ ಹೌದು ಎಂದು ತಿಳಿದ ಪರಂಪರೆಗೆ ಈ ಭಾಷೆಯನ್ನು ಶಂಕಿಸುವ ಅಧಿಕಾರವಿದೆ.

ಆದರೆ ಶಂಕೆಗೂ ಒಂದು ಮಾನದಂಡ ಬೇಕು. ಎಲ್ಲ ಯುದ್ಧವೂ ಪಾಪ ಎಂದು ಘೋಷಿಸಿ ಕೈತೊಳೆದುಕೊಳ್ಳುವುದು ಸುಲಭ. ಜೈನ ಶ್ರಾವಕಾಚಾರವು ಅಷ್ಟು ಸುಲಭದ ಮಾರ್ಗವನ್ನು ಹಿಡಿಯಲಿಲ್ಲ. ಅದು ಗೃಹಸ್ಥನ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಅಡುಗೆ ಮನೆವಾರ್ತೆಗಳಲ್ಲಿ ತಪ್ಪದೆ ಆಗುವುದು, ಕೃಷಿ ಮೊದಲಾದ ವೃತ್ತಿಗಳಲ್ಲಿ ಆಗುವುದು, ಮೇಲೆ ಬಿದ್ದವನನ್ನು ತಡೆಯುವಾಗ ಆಗುವುದು, ಮನಸ್ಸಿನಲ್ಲಿ ಸಂಕಲ್ಪಿಸಿ ಮಾಡುವುದು. ಕೊನೆಯದನ್ನು ಗೃಹಸ್ಥನು ಸಂಪೂರ್ಣವಾಗಿ ತ್ಯಜಿಸಬೇಕು. ವಿರೋಧೀ ಹಿಂಸೆಗೆ ಅವನಿಗೆ ಅನಿವಾರ್ಯ ಸಂದರ್ಭದಲ್ಲಿ ಅವಕಾಶವುಂಟು. ಈ ಅವಕಾಶವಿಲ್ಲದಿದ್ದರೆ ಚಾವುಂಡರಾಯನಂಥ ಸೇನಾನಿಯು ಶ್ರಾವಕನಾಗಿರಲು ಸಾಧ್ಯವಿರಲಿಲ್ಲ. ಆದ್ದರಿಂದ ಒಂದು ದೇಶವು ತನ್ನ ಮೇಲೆ ನಡೆದ ದಾಳಿಯನ್ನು ಎದುರಿಸಿದ ಮಾತ್ರಕ್ಕೆ ಜೈನ ನೀತಿಯು ಅದನ್ನು ಖಂಡಿಸುವುದಿಲ್ಲ. 2001ರ ಸೆಪ್ಟೆಂಬರ್ 11ರಂದು ಸುಮಾರು ಮೂರು ಸಾವಿರ ಮಂದಿ ಹತರಾದಾಗ ಅಮೆರಿಕದ ಪ್ರಜೆಗಳು ರಕ್ಷಣೆಯನ್ನು ಬಯಸಿದ್ದರಲ್ಲಿ ದೋಷವಿಲ್ಲ.

ದೋಷವು ಗಡಿ ಅಳಿಸಿಹೋದಲ್ಲಿ ಆರಂಭವಾಗುತ್ತದೆ. ಅಧ್ಯಕ್ಷ ಜಾರ್ಜ್ ಬುಷ್ ಅವರ ಆಡಳಿತವು 2002ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ರಾಷ್ಟ್ರೀಯ ಭದ್ರತಾ ನೀತಿಪತ್ರವು, ಅಪಾಯವು ಪೂರ್ಣವಾಗಿ ರೂಪುಗೊಳ್ಳುವ ಮೊದಲೇ ಅದರ ಮೇಲೆರಗುವ ಹಕ್ಕನ್ನು ಪ್ರತಿಪಾದಿಸಿತು. ಶತ್ರುವು ಕೈಯೆತ್ತಿಲ್ಲ, ಎತ್ತಬಹುದು ಎಂಬ ಊಹೆಯೇ ಹೊಡೆತಕ್ಕೆ ಸಾಕಾಯಿತು. ಶ್ರಾವಕಾಚಾರದ ಭಾಷೆಯಲ್ಲಿ ಹೇಳುವುದಾದರೆ ಇದು ವಿರೋಧೀ ಹಿಂಸೆಯ ವೇಷ ತೊಟ್ಟ ಸಂಕಲ್ಪೀ ಹಿಂಸೆ. ಅದರ ಮೊದಲ ಪ್ರಯೋಗವೇ ಅದನ್ನು ತೋರಿಸಿಕೊಟ್ಟಿತು. 2003ರ ಫೆಬ್ರವರಿ 5ರಂದು ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಅವರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಇರಾಕಿನ ಸಮೂಹನಾಶಕ ಅಸ್ತ್ರಗಳ ‘ಸಾಕ್ಷ್ಯ’ವನ್ನಿಟ್ಟರು, ಮಾರ್ಚ್ 20ರಂದು ಆಕ್ರಮಣ ನಡೆಯಿತು, 2004ರಲ್ಲಿ ಅಮೆರಿಕವೇ ನೇಮಿಸಿದ ಶೋಧಕರ ತಂಡವು ಅಂಥ ಅಸ್ತ್ರಗಳ ಸಂಗ್ರಹ ಅಲ್ಲಿರಲಿಲ್ಲವೆಂದು ವರದಿ ಮಾಡಿತು. ಪೊವೆಲ್ ಅವರು ಮುಂದೆ ಆ ಭಾಷಣವನ್ನು ತಮ್ಮ ಜೀವನಕ್ಕಂಟಿದ ಕಲೆಯೆಂದು ಒಪ್ಪಿಕೊಂಡರು. 2001ರ ಅನಂತರದ ಯುದ್ಧಗಳಲ್ಲಿ ನೇರವಾಗಿ ಹತರಾದವರ ಸಂಖ್ಯೆ 9 ಲಕ್ಷವನ್ನು ಮೀರುವುದೆಂದೂ, ಅವರಲ್ಲಿ 4 ಲಕ್ಷಕ್ಕೂ ಮಿಕ್ಕಿದವರು ನಾಗರಿಕರೆಂದೂ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಅಧ್ಯಯನವು ಅಂದಾಜಿಸಿದೆ.

ಇಲ್ಲಿ ಒಂದು ಪೂರ್ವಪಕ್ಷವನ್ನು ನ್ಯಾಯವಾಗಿ ಪರಿಶೀಲಿಸಬೇಕು. ಹಿಂಸೆಯ ನಿರ್ಣಯದಲ್ಲಿ ಭಾವಕ್ಕೆ ಪ್ರಾಧಾನ್ಯ ಕೊಟ್ಟದ್ದು ಜೈನದರ್ಶನವೇ. ಈರ್ಯಾಸಮಿತಿಯಿಂದ ನಡೆಯುವ ಮುನಿಯ ಕಾಲಡಿಯಲ್ಲಿ ಅರಿಯದೆ ಒಂದು ಜೀವಿ ಸತ್ತರೆ ಅವನಿಗೆ ಆ ಹಿಂಸೆಯ ಬಂಧವಿಲ್ಲ. ಹಾಗಾದರೆ ನಿಖರ ಅಸ್ತ್ರಗಳಿಂದ ಶತ್ರುವನ್ನೇ ಗುರಿಯಿಟ್ಟು ಹೊಡೆವವನಿಗೆ ಬಳಿಯಲ್ಲಿದ್ದ ಮಗುವಿನ ಸಾವಿನ ದೋಷವೇಕೆ? ಈ ವಾದದ ಉತ್ತರ ‘ಪ್ರಮಾದ’ ಎಂಬ ಒಂದೇ ಪದದಲ್ಲಿದೆ. ಪ್ರಮತ್ತಯೋಗದಿಂದ ಪ್ರಾಣಹಾನಿಯಾದರೆ ಅದು ಹಿಂಸೆ ಎಂಬುದು ತತ್ತ್ವಾರ್ಥಸೂತ್ರದ ನಿಲುವು. ಮುನಿಯು ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುತ್ತಾನೆ. ಜೀವಿಯಿದೆಯೆಂದು ತಿಳಿದರೆ ಹೆಜ್ಜೆಯನ್ನು ಹಿಂದಕ್ಕೆ ತೆಗೆಯುತ್ತಾನೆ. ಮಕ್ಕಳಿರಬಹುದೆಂದು ತಿಳಿದೂ ಇಡುವ ಹೆಜ್ಜೆ, ಸತ್ತ ಮೇಲೆ ಮತ್ತೆ ಅದೇ ರೀತಿ ಇಡುವ ಹೆಜ್ಜೆ, ಅಜ್ಞಾನದ್ದಲ್ಲ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಚಾಲಕರಹಿತ ವಿಮಾನದ ದಾಳಿಗೆ ಏಳು ಮಕ್ಕಳೂ ಸೇರಿ ಹತ್ತು ನಾಗರಿಕರು ಬಲಿಯಾದರು. ಮೊದಲು ಅದನ್ನು ಸಮರ್ಥಿಸಿಕೊಂಡ ಸೇನೆಯು ಮೂರು ವಾರಗಳೊಳಗೆ ತಪ್ಪೊಪ್ಪಿಕೊಂಡಿತು. ಆದರೆ ಯಾರೂ ಶಿಕ್ಷಾರ್ಹರೆನಿಸಲಿಲ್ಲ. 1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆಯೊಂದು ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ 290 ಮಂದಿ ಮಡಿದ ಪ್ರಕರಣದಲ್ಲಿಯೂ ಪರಿಹಾರ ಸಂದಾಯವಾಯಿತು, ಕಾನೂನುಬದ್ಧ ಹೊಣೆಯನ್ನು ಒಪ್ಪಿಕೊಳ್ಳಲಿಲ್ಲ. ಪ್ರತಿಕ್ರಮಣವನ್ನು ಬಲ್ಲ ಸಮಾಜಕ್ಕೆ ಇದರ ಕೊರತೆ ಎಲ್ಲಿದೆಯೆಂದು ಬೇರೆ ಹೇಳಬೇಕಾಗಿಲ್ಲ. ದೋಷವನ್ನು ಒಪ್ಪಿ, ಅದನ್ನು ಮತ್ತೆ ಮಾಡೆನೆಂಬ ನಿಶ್ಚಯವಿಲ್ಲದ ವಿಷಾದವು ಪ್ರತಿಕ್ರಮಣವೆನಿಸದು.

ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವನ್ನು ತೆರೆದರೆ ಇನ್ನೂ ಸ್ಪಷ್ಟವಾದ ಅಳತೆಗೋಲು ದೊರೆಯುತ್ತದೆ. ಅಲ್ಲಿನ ಮೂರು ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ: ಹತ್ತು ದಿಕ್ಕುಗಳಲ್ಲಿಯೂ ತನ್ನ ಚಟುವಟಿಕೆಗೆ ನದಿ, ಪರ್ವತ, ಸಮುದ್ರಗಳ ಎಲ್ಲೆಯನ್ನಿಟ್ಟು ಆಜೀವ ಅದನ್ನು ಮೀರದಿರುವುದು. ಎಲ್ಲೆಯ ಆಚೆಗೆ ಸೂಕ್ಷ್ಮ ಪಾಪವೂ ತನ್ನಿಂದ ಆಗದಂತೆ ಮಾಡುವ ಉಪಾಯವಿದು. ಸುಮಾರು 80 ದೇಶಗಳಲ್ಲಿ ಸುಮಾರು 750 ಸೇನಾನೆಲೆಗಳನ್ನು ಹೊಂದಿದೆಯೆಂದು ಸಂಶೋಧಕರು ಎಣಿಸಿರುವ ರಾಷ್ಟ್ರವು ದಿಗ್ವ್ರತದ ಪೂರ್ಣ ವಿರುದ್ಧಸ್ಥಿತಿ. ಎಲ್ಲೆಡೆಯೂ ತಾನಿರುವವನಿಗೆ ಎಲ್ಲೆಡೆಯೂ ಅಪಾಯವೇ ಕಾಣುತ್ತದೆ. ಅಪಾಯ ಕಂಡಂತೆ ನೆಲೆಗಳು ಹೆಚ್ಚುತ್ತವೆ. ಪರಿಗ್ರಹವು ಭಯವನ್ನು ಕಳೆಯದೆ ಬೆಳೆಸುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಅಪೂರ್ವ. 2024ರಲ್ಲಿ ಅಮೆರಿಕದ ಸೇನಾವೆಚ್ಚವು 997 ಶತಕೋಟಿ ಡಾಲರುಗಳಾಗಿ, ಇಡೀ ಜಗತ್ತಿನ ಸೇನಾವೆಚ್ಚದ ಶೇಕಡಾ 37ರಷ್ಟಿತ್ತು. ಆ ವೆಚ್ಚದಿಂದ ಅಲ್ಲಿನ ಪ್ರಜೆಗಳ ಭಯ ಕಡಮೆಯಾಯಿತೆಂದು ಯಾರೂ ವಾದಿಸಿಲ್ಲ.

ಎರಡನೆಯ ಗುಣವ್ರತವಾದ ಅನರ್ಥದಂಡವ್ರತವು ನಿಷೇಧಿಸುವ ಐದರಲ್ಲಿ ಹಿಂಸಾದಾನವೂ ಒಂದು, ಅಂದರೆ ಖಡ್ಗ, ಅಗ್ನಿ, ಸರಪಳಿ ಮೊದಲಾದ ಹಿಂಸೆಯ ಸಾಧನಗಳನ್ನು ಇತರರಿಗೆ ಕೊಡುವುದು. ಪಾಪೋಪದೇಶ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆಗಳು ಉಳಿದವು. ಸ್ಟಾಕ್‌ಹೋಮಿನ ಶಾಂತಿ ಸಂಶೋಧನ ಸಂಸ್ಥೆಯ ಲೆಕ್ಕದಂತೆ 2020ರಿಂದ 2024ರ ಅವಧಿಯಲ್ಲಿ ಜಗತ್ತಿನ ಭಾರೀ ಶಸ್ತ್ರಾಸ್ತ್ರ ರಫ್ತಿನ ಶೇಕಡಾ 43 ಭಾಗ ಅಮೆರಿಕದ್ದು. ಕೊಟ್ಟವನು ಹೊಡೆಯಲಿಲ್ಲವೆಂಬ ಸಮಾಧಾನಕ್ಕೆ ಜೈನ ನೀತಿಯಲ್ಲಿ ಎಡೆಯಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ಕರ್ಮಬಂಧಕ್ಕೆ ದ್ವಾರಗಳೇ. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ನರಮೇಧ ನಡೆಯುತ್ತಿದ್ದಾಗ, ಢಾಕಾದಲ್ಲಿದ್ದ ಅಮೆರಿಕದ ರಾಜತಂತ್ರಜ್ಞ ಆರ್ಚರ್ ಬ್ಲಡ್ ಅವರೂ ಅವರ ಸಹೋದ್ಯೋಗಿಗಳೂ ಏಪ್ರಿಲ್ 6ರಂದು ತಮ್ಮ ಸರ್ಕಾರದ ಮೌನವನ್ನೇ ಪ್ರತಿಭಟಿಸಿ ತಂತಿ ಕಳುಹಿಸಿದರು. ನಿಕ್ಸನ್ ಸರ್ಕಾರ ಮೌನವನ್ನು ಮುರಿಯಲಿಲ್ಲ. ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯತ್ತ ವಿಮಾನವಾಹಕ ನೌಕೆಯನ್ನು ಕಳುಹಿಸಿತು, ಅದೂ ಭಾರತದ ವಿರುದ್ಧ. ಅನುಮೋದನೆಯೆಂಬುದು ಎಷ್ಟು ಭಾರವಾದ ಕರ್ಮವೆಂಬುದನ್ನು ತಿಳಿಯಲು ಈ ಪ್ರಸಂಗವೊಂದೇ ಸಾಕು.

ಕರ್ನಾಟಕವು ಈ ನೀತಿಯ ಹೊರಳುಗಳನ್ನು ಹತ್ತಿರದಿಂದ ಕಂಡ ನಾಡು. 1992ರಲ್ಲಿ, ರಷ್ಯದಿಂದ ಕ್ರಯೋಜನಿಕ್ ತಂತ್ರಜ್ಞಾನವನ್ನು ಪಡೆಯಲು ಒಪ್ಪಂದ ಮಾಡಿಕೊಂಡುದಕ್ಕಾಗಿ, ಬೆಂಗಳೂರಿನಲ್ಲಿ ಕೇಂದ್ರಕಚೇರಿಯಿರುವ ಇಸ್ರೋ ಸಂಸ್ಥೆಯ ಮೇಲೆ ಅಮೆರಿಕವು ಎರಡು ವರ್ಷಗಳ ನಿರ್ಬಂಧ ಹೇರಿತು. 1998ರ ಮೇ ತಿಂಗಳ ಪೋಖರಣ್ ಪರೀಕ್ಷೆಗಳ ಅನಂತರ ಲಘು ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದ ಕಂಪನಿಯಲ್ಲಿ ದುಡಿಯುತ್ತಿದ್ದ ಬೆಂಗಳೂರಿನ ಎಂಜಿನಿಯರರು ಕೆಲಸವನ್ನು ಅರ್ಧಕ್ಕೆ ಬಿಟ್ಟು ಹಿಂದಿರುಗಬೇಕಾಯಿತು. ಅವರು ಆ ಕೆಲಸವನ್ನು ತಾವೇ ಪೂರೈಸಿ 2001ರ ಜನವರಿ 4ರಂದು ವಿಮಾನವನ್ನು ಹಾರಿಸಿದರು. ಅಣ್ವಸ್ತ್ರ ಪ್ರಸಾರ ತಡೆಯೇ ಉದ್ದೇಶವಾಗಿದ್ದರೆ ಇದನ್ನು ತತ್ತ್ವನಿಷ್ಠೆ ಎನ್ನಬಹುದಿತ್ತು. ಆದರೆ 1985ರಿಂದ 1989ರವರೆಗೆ, ಅಫ್ಘಾನ್ ಯುದ್ಧಕ್ಕೆ ಪಾಕಿಸ್ತಾನದ ನೆರವು ಬೇಕಾಗಿದ್ದಷ್ಟು ಕಾಲ, ಆ ದೇಶದ ಬಳಿ ಅಣ್ವಸ್ತ್ರವಿಲ್ಲವೆಂದು ಅಮೆರಿಕದ ಅಧ್ಯಕ್ಷರು ವರ್ಷವರ್ಷವೂ ಪ್ರಮಾಣೀಕರಿಸಿದ್ದರು. ಸೋವಿಯತ್ ಸೇನೆ ಹಿಂದೆ ಸರಿದ ಮೇಲೆ, 1990ರಲ್ಲಿ, ಆ ಪ್ರಮಾಣಪತ್ರ ನಿಂತುಹೋಯಿತು. 2008ರಲ್ಲಿ ಭಾರತದೊಡನೆಯೇ ನಾಗರಿಕ ಅಣುಶಕ್ತಿ ಒಪ್ಪಂದವಾಯಿತು. ನಿರ್ಬಂಧವೂ ಸ್ನೇಹವೂ ಒಂದೇ ಕೈಯಿಂದ ಬಂದವು. ಬದಲಾದದ್ದು ಭಾರತದ ನೀತಿಯಲ್ಲ, ಮಹಾಶಕ್ತಿಯ ಪ್ರಯೋಜನ.

ನಿಯಮವನ್ನು ಒಪ್ಪಿ, ಸೋಲುವ ಸನ್ನಿವೇಶ ಬಂದೊಡನೆ ಅದನ್ನು ಮೀರುವುದು ಆದಿಪುರಾಣವನ್ನು ಕೇಳಿ ಬೆಳೆದವರಿಗೆ ಹೊಸ ಕಥೆಯಲ್ಲ. ಭರತ ಬಾಹುಬಲಿಯರ ಸೇನೆಗಳು ಎದುರುಬದುರಾದಾಗ ಉಭಯಪಕ್ಷದ ಮಂತ್ರಿಗಳು ಸೇರಿ, ಅಣ್ಣತಮ್ಮಂದಿರ ಮಾತ್ಸರ್ಯಕ್ಕೆ ಸೈನಿಕರು ಸಾಯುವುದು ಬೇಡವೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಪಡಿಸಿದರು. ಮೂರರಲ್ಲಿಯೂ ಸೋತ ಚಕ್ರವರ್ತಿಯು ಒಪ್ಪಂದವನ್ನು ಮುರಿದು ಚಕ್ರರತ್ನವನ್ನು ಎಸೆದನು. ನಿಕರಾಗುವ ದೇಶದ ವಿರುದ್ಧದ ಗುಪ್ತಯುದ್ಧದ ಮೊಕದ್ದಮೆಯಲ್ಲಿ 1986ರ ಜೂನ್ 27ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವು ಅಮೆರಿಕವನ್ನು ತಪ್ಪಿತಸ್ಥನೆಂದು ತೀರ್ಮಾನಿಸಿತು. ಅಮೆರಿಕವು ಮೊದಲೇ ಆ ವಿಚಾರಣೆಯಿಂದ ಹೊರನಡೆದಿತ್ತು. ತೀರ್ಪಿನ ಜಾರಿಯನ್ನು ಭದ್ರತಾ ಮಂಡಳಿಯಲ್ಲಿ ತನ್ನ ನಿಷೇಧಾಧಿಕಾರದಿಂದ ತಡೆಯಿತು. 2015ರ ಇರಾನ್ ಅಣು ಒಪ್ಪಂದವನ್ನು ಇರಾನ್ ಪಾಲಿಸುತ್ತಿದೆಯೆಂದು ಅಂತರರಾಷ್ಟ್ರೀಯ ಪರಿವೀಕ್ಷಕರು ವರದಿ ಮಾಡುತ್ತಿದ್ದಾಗಲೇ, 2018ರ ಮೇ 8ರಂದು ಅಮೆರಿಕವು ಅದರಿಂದ ಹೊರಬಂದಿತು. 2025ರ ಜೂನ್ 22ರಂದು ಆ ದೇಶದ ಅಣುಕೇಂದ್ರಗಳ ಮೇಲೆ ಬಾಂಬು ಹಾಕಿತು. ಪುರಾಣದಲ್ಲಿ ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಬಂದು ಸುಮ್ಮನಾಯಿತು. ಇತಿಹಾಸದ ಚಕ್ರಗಳಿಗೆ ಆ ವಿವೇಕವಿಲ್ಲ.

ಇಷ್ಟನ್ನು ಹೇಳಿದ ಮೇಲೆ ಅನೇಕಾಂತವನ್ನು ನಂಬಿದವನು ತನ್ನ ಶಂಕೆಯನ್ನೂ ಶಂಕಿಸಬೇಕು. ಅಮೆರಿಕವನ್ನು ದೋಷರಾಶಿಯೆಂದು ಕಾಣುವುದೂ ಏಕಾಂತವೇ. ಯುದ್ಧದಲ್ಲಿ ಹಾಳಾದ ಯೂರೋಪನ್ನು 1948ರಿಂದ ಆರಂಭವಾದ ಮಾರ್ಷಲ್ ಯೋಜನೆ ಎತ್ತಿನಿಲ್ಲಿಸಿತು. ಭಾರತದ ಅಭಾವದ ವರ್ಷಗಳಲ್ಲಿ ಅಮೆರಿಕದ ಗೋದಿ ಬಂದಿತು. 1962ರಲ್ಲಿ ಚೀನದ ದಾಳಿಯ ಸಮಯದಲ್ಲಿ ನೆಹರೂ ಅವರ ಕೋರಿಕೆಗೆ ಕೆನೆಡಿ ಅವರು ಸ್ಪಂದಿಸಿದರು. ಮುಖ್ಯವಾಗಿ, ಆ ದೇಶದ ನೀತಿಯ ಅತಿ ತೀಕ್ಷ್ಣ ವಿಮರ್ಶೆ ಆ ದೇಶದವರಿಂದಲೇ ಬಂದಿದೆ. ಸೇನೆ ಮತ್ತು ಶಸ್ತ್ರೋದ್ಯಮಗಳ ಕೂಟದ ವಿಷಯದಲ್ಲಿ 1961ರ ಜನವರಿ 17ರಂದು ಎಚ್ಚರಿಕೆ ಕೊಟ್ಟ ಐಸೆನ್‌ಹೋವರ್ ಸ್ವತಃ ಸೇನಾನಿ. ವಿಯೆಟ್ನಾಂ ಯುದ್ಧವನ್ನು ನಡೆಸಿದ ಮೆಕ್ನಮಾರಾ 1995ರಲ್ಲಿ ತಮ್ಮ ತಪ್ಪನ್ನು ಗ್ರಂಥಮುಖವಾಗಿ ಒಪ್ಪಿಕೊಂಡರು. 2001ರ ಸೆಪ್ಟೆಂಬರ್ 14ರಂದು, ಬಲಪ್ರಯೋಗಕ್ಕೆ ಅಧ್ಯಕ್ಷರಿಗೆ ಅಧಿಕಾರ ಕೊಡುವ ನಿರ್ಣಯಕ್ಕೆ ಪ್ರತಿನಿಧಿ ಸಭೆಯ 420 ಮಂದಿ ಒಪ್ಪಿಗೆಯಿತ್ತಾಗ ಬಾರ್ಬರಾ ಲೀ ಒಬ್ಬರೇ ವಿರೋಧಿಸಿದರು. ದುಃಖವೂ ಕ್ರೋಧವೂ ತುಂಬಿದ ಸಭೆಯಲ್ಲಿ ಒಬ್ಬಂಟಿಯಾಗಿ ಅನುಮೋದನೆಯನ್ನು ನಿರಾಕರಿಸುವುದು ಯಾವ ವ್ರತಕ್ಕೂ ಕಡಮೆಯಾದುದಲ್ಲ.

ಇಂಥ ಆತ್ಮವಿಮರ್ಶೆ ಕನ್ನಡ ಜೈನಸಾಹಿತ್ಯಕ್ಕೂ ಅಪರಿಚಿತವಲ್ಲ. ಮೇಗುತಿಗೆ ಬಹುದೂರವಲ್ಲದ ಮುಧೋಳದ ರನ್ನನು ಗದಾಯುದ್ಧವನ್ನು ಬರೆದದ್ದು ತನ್ನ ಆಶ್ರಯದಾತನ ಪರಾಕ್ರಮವನ್ನು ಭೀಮನ ನೆಪದಲ್ಲಿ ಹೊಗಳಲೆಂದೇ. ಆದರೆ ಕಾವ್ಯವು ಪ್ರಶಸ್ತಿಯ ಎಲ್ಲೆಯನ್ನು ದಾಟಿತು. ಹೆಣಗಳ ನಡುವೆ ನಡೆಯುತ್ತ, ಬಿದ್ದ ತಮ್ಮನನ್ನೂ ಗೆಳೆಯನನ್ನೂ ಕಂಡು ಅಳುವ ದುರ್ಯೋಧನನೇ ಓದುಗನ ಮನಸ್ಸಿನಲ್ಲಿ ಉಳಿಯುತ್ತಾನೆ. ರವಿಕೀರ್ತಿಯು ಗೆದ್ದವನ ಆನೆಯ ಮೇಲಿಂದ ರಣರಂಗವನ್ನು ನೋಡಿದನು. ರನ್ನನು ಸೋತವನ ಕೈಹಿಡಿದು ಅದರೊಳಗೆ ನಡೆದನು. ಅಂತರರಾಷ್ಟ್ರೀಯ ಭದ್ರತೆಯೆಂಬ ಮಾತನ್ನು ಕೇಳಿದಾಗಲೆಲ್ಲ ಅದನ್ನು ಯಾವ ಎತ್ತರದಿಂದ ಆಡಲಾಗುತ್ತಿದೆಯೆಂದು ಕೇಳುವುದನ್ನು ಈ ಇಬ್ಬರು ಕವಿಗಳ ವ್ಯತ್ಯಾಸವೇ ಕಲಿಸುತ್ತದೆ.

ಈ ಪ್ರಶ್ನೆ ಅಮೆರಿಕದ ಕಡೆಗೆ ಮಾತ್ರ ತಿರುಗಿದರೆ ಅದು ಸುಲಭದ ಪುಣ್ಯವಾದೀತು. 1974ರ ಮೇ 18ರ ಭಾರತದ ಅಣುಪರೀಕ್ಷೆಗೆ ನಗುವ ಬುದ್ಧನ ಹೆಸರು ತಗುಲಿತು. ಹಿಂಸೆಗೆ ಸೌಮ್ಯ ನಾಮಕರಣ ಮಾಡುವ ಕಲೆ ಪಶ್ಚಿಮದ ಏಕಸ್ವಾಮ್ಯವಲ್ಲ. 1996ರಿಂದ ಬೆಂಗಳೂರಿನ ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುತ್ತಿರುವ ವೈಮಾನಿಕ ಪ್ರದರ್ಶನಕ್ಕೆ ಕುಟುಂಬಗಳು ಮಕ್ಕಳೊಡನೆ ಹೋಗುತ್ತವೆ. 2023ರಲ್ಲಿ ಅಮೆರಿಕದ ಎಫ್-35 ಅಲ್ಲಿಗೆ ಬಂದಾಗಲೂ, 2025ರಲ್ಲಿ ರಷ್ಯದ ಸುಖೋಯ್-57ರೊಡನೆ ಅದು ಮತ್ತೆ ನಿಂತಾಗಲೂ ಜನ ಬೆರಗಾಗಿ ನೋಡಿದರು. ಆ ಬೆರಗು ಹಿಂಸಾದಾನದ ಸಂತೆಗೆ ಸಂದ ಅನುಮೋದನೆ ಹೌದೋ ಅಲ್ಲವೋ ಎಂಬುದನ್ನು ಪ್ರತಿಯೊಂದು ಮನೆಯೂ ಯೋಚಿಸಬೇಕು. ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಮನೆಗಳು ಅನೇಕ. ಅವರು ಅಲ್ಲಿ ತೆರುವ ಕರದಲ್ಲಿಯೂ, ಇಲ್ಲಿ ಹಿರಿಯರು ಕೊಳ್ಳುವ ಷೇರುಗಳಲ್ಲಿಯೂ ಕಾರಿತದ ಒಂದು ಎಳೆ ಇರಬಹುದು. ಕರವನ್ನು ತಪ್ಪಿಸಲಾಗದು, ಷೇರನ್ನು ಆಯ್ಕೆ ಮಾಡಬಹುದು. ಬಸದಿಯ ನಿಧಿಯನ್ನು ಹೂಡುವ ವಿಶ್ವಸ್ತ ಮಂಡಳಿಗಳು ಮದ್ಯ, ಮಾಂಸಗಳ ವ್ಯಾಪಾರವನ್ನು ದೂರವಿಡುವಂತೆಯೇ ಶಸ್ತ್ರವ್ಯಾಪಾರವನ್ನೂ ದೂರವಿಡಬೇಕೆಂಬುದು ಸಮಂತಭದ್ರರ ಮಾತಿನ ಸಹಜ ವಿಸ್ತರಣೆ. ದಶಲಕ್ಷಣ ಪರ್ವದ ಉಪನ್ಯಾಸಗಳಲ್ಲಿ ಉತ್ತಮ ಸತ್ಯ, ಉತ್ತಮ ಆಕಿಂಚನ್ಯಗಳನ್ನು ವ್ಯಕ್ತಿಗೆ ಮಾತ್ರವಲ್ಲದೆ ರಾಷ್ಟ್ರಗಳಿಗೂ ಅನ್ವಯಿಸಿ ವಿವೇಚಿಸಿದರೆ ಧರ್ಮಕ್ಕೆ ಹಾನಿಯಿಲ್ಲ.

ಮೇಗುತಿಯ ಪ್ರಶಸ್ತಿ ಹೇಳದ ಉತ್ತರಕಥೆ ಬಾದಾಮಿಯ ಬಂಡೆಯ ಮೇಲಿದೆ. ಶಾಸನ ಹುಟ್ಟಿ ಎಂಟು ವರ್ಷ ತುಂಬುವಷ್ಟರಲ್ಲಿ, 642ರಲ್ಲಿ, ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ವಶಪಡಿಸಿಕೊಂಡು ತನ್ನ ಶಾಸನವನ್ನು ಅಲ್ಲಿಯೇ ಕೊರೆಯಿಸಿದನು. ಒಂದು ದಶಕಕ್ಕೂ ಮೀರಿ ರಾಜಧಾನಿ ಶತ್ರುವಶದಲ್ಲಿತ್ತು. ಆ ಬಳಿಕ ಚಾಲುಕ್ಯರು ಕಂಚಿಯ ಮೇಲೆ ಸೇಡು ತೀರಿಸಿಕೊಂಡರು. ಪಲ್ಲವರು ಮತ್ತೆ ಎದುರುಬಿದ್ದರು. ಒಂದು ಶತಮಾನದ ಈ ಸೆಣಸಾಟದಲ್ಲಿ ಬಳಲಿದ ಚಾಲುಕ್ಯ ರಾಜ್ಯವು ಎಂಟನೆಯ ಶತಮಾನದ ಮಧ್ಯದಲ್ಲಿ ರಾಷ್ಟ್ರಕೂಟರ ಕೈಸೇರಿತು. 2003ರ ಮೇ 1ರಂದು ಯುದ್ಧನೌಕೆಯ ಮೇಲೆ ಕಾರ್ಯ ಸಿದ್ಧಿಯ ಫಲಕವನ್ನು ಕಟ್ಟಿದವರೂ ಎಂಟು ವರ್ಷಗಳ ಅನಂತರ ಇರಾಕಿನಿಂದ ಸೇನೆಯನ್ನು ಹಿಂತೆಗೆದರು. 2014ರಲ್ಲಿ ಇನ್ನೂ ಕ್ರೂರವಾದ ಶಕ್ತಿಯೊಂದು ಅಲ್ಲಿ ತಲೆಯೆತ್ತಿತು. ಇಪ್ಪತ್ತು ವರ್ಷ ಕಾದ ಅಫ್ಘಾನಿಸ್ತಾನ 2021ರ ಆಗಸ್ಟ್ 15ರಂದು ಯಾರಿಂದ ಕಸಿದುಕೊಂಡಿದ್ದರೋ ಅವರಿಗೇ ಮರಳಿತು.

ಬಾದಾಮಿಯ ಗುಹೆಯಲ್ಲಿ ಬಾಹುಬಲಿಯು ಬಳ್ಳಿಗಳಿಂದ ಸುತ್ತುವರಿದು ನಿಂತಿದ್ದಾನೆ. ಗೆದ್ದ ರಾಜ್ಯವನ್ನು ಬಿಟ್ಟವನವನು. ಊರನ್ನು ಚಾಲುಕ್ಯರು ಆಳಿದಾಗಲೂ, ಪಲ್ಲವರು ಹಿಡಿದಾಗಲೂ, ಅನಂತರ ಬಂದವರೆಲ್ಲರೂ ಹೋದಾಗಲೂ ಆ ಪರಂಪರೆಯ ಶ್ರಾವಕರು ಅವನನ್ನೇ ಕಂಡು ನಮಸ್ಕರಿಸಿದ್ದಾರೆ. ಅಲ್ಲಿಂದ ಮೇಗುತಿಗೆ ಹೋಗುವ ಕುಟುಂಬಗಳು ಮುಂದಿನ ಬಾರಿ ಪ್ರದಕ್ಷಿಣೆಯ ನಡುವೆ ಗೋಡೆಯ ಮುಂದೆ ಒಂದು ಗಳಿಗೆ ನಿಂತು, ಅಲ್ಲಿ ಬರೆದುದನ್ನು ಮಕ್ಕಳಿಗೆ ಓದಿಹೇಳಿ, ಬರೆಯದೆ ಬಿಟ್ಟುದು ಏನೆಂದು ಅವರನ್ನೇ ಕೇಳಿದರೆ ಆ ಯಾತ್ರೆ ಸಾರ್ಥಕವಾದೀತು.